ಗೊಬ್ಬರದ ದುಡ್ಡು ಕೇಳಬೇಕಾದ್ದು ಕೊಯ್ಲಿನಲ್ಲಿ

ಮಾನ್ಯ ಸಂಪಾದಕರೇ,

ಮುಂಗಾರು ಬಂದರೆ ಸಾಕು, 'ರೈತರು ಸರಿಯಾಗಿ ಗೊಬ್ಬರ ಹಾಕಲ್ಲ, ತಿಳುವಳಿಕೆ ಇಲ್ಲ' ಅಂತ ಭಾಷಣ ಶುರುವಾಗುತ್ತದೆ. ತಿಳುವಳಿಕೆ ಇದೆ ಸ್ವಾಮಿ, ಆ ಹೊತ್ತಿಗೆ ಕೈಯಲ್ಲಿ ಕಾಸಿರುವುದಿಲ್ಲ. ನಮ್ಮ ಕಡೆ ಮುಸುಕಿನ ಜೋಳ ಮಾರಿದ ದುಡ್ಡು ಬರುವುದು ನವೆಂಬರ್, ಡಿಸೆಂಬರ್‌ನಲ್ಲಿ. ಆಮೇಲೆ ಮದುವೆ, ಬಡ್ಡಿ, ಆಸ್ಪತ್ರೆ ಅಂತ ಹೋಗಿ ಬೇಲೂರು ತೇರು ಮುಗಿಯುವಷ್ಟರಲ್ಲಿ ಎಲ್ಲ ಖಾಲಿ. ಬಿತ್ತನೆ ಹೊತ್ತಿಗೆ 1,350 ರೂಪಾಯಿಯ ಡಿಎಪಿ ಗೊಬ್ಬರದ ಮೂಟೆಯನ್ನು ಅಂಗಡಿಯಿಂದ ಉದ್ದರಿ ತರಬೇಕು, ತಂದರೆ ಜೋಳವನ್ನೂ ಆ ಅಂಗಡಿಯವರಿಗೇ ಮಾರಬೇಕು ಅನ್ನುವ ಮಾತು ಬರುತ್ತದೆ.

ಪಶ್ಚಿಮ ಕೀನ್ಯಾದ ಸಣ್ಣ ರೈತರೂ ಬೆಳೆಯುವುದು ಇದೇ ಜೋಳ. ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೊ, ಮೈಕಲ್ ಕ್ರೆಮರ್ (ಇಬ್ಬರಿಗೂ 2019ರಲ್ಲಿ ನೊಬೆಲ್ ಬಂತು) ಮತ್ತು ಜೊನಾಥನ್ ರಾಬಿನ್ಸನ್ ಅಲ್ಲಿ ಒಂದು ಸರಳ ಕೆಲಸ ಮಾಡಿ ನೋಡಿದರು. ಕೊಯ್ಲಾದ ತಕ್ಷಣ ರೈತರಿಗೆ, 'ಗೊಬ್ಬರದ ದುಡ್ಡು ಈಗಲೇ ಕೊಡಿ, ಬೇಕಾದಾಗ ಮನೆಗೇ ತಂದುಕೊಡ್ತೇವೆ, ಸಾಗಣೆ ಖರ್ಚಿಲ್ಲ' ಅಂದರು. ಬೆಲೆ ಇಳಿಸಲಿಲ್ಲ. ಆದರೂ ಗೊಬ್ಬರ ಹಾಕಿದವರು ಜಾಸ್ತಿಯಾದರು, ಅದೂ ಬೇರೆ ರೈತರಿಗೆ ಆಮೇಲೆ ಅರ್ಧ ಬೆಲೆಗೆ ಕೊಟ್ಟಾಗ ಎಷ್ಟು ಜಾಸ್ತಿಯಾದರೋ ಹೆಚ್ಚುಕಡಿಮೆ ಅಷ್ಟೇ!

ನಮ್ಮ ಸಹಕಾರಿ ಸೊಸೈಟಿಗಳಲ್ಲೂ ಇದನ್ನು ಮಾಡಬಹುದಲ್ವಾ? ಡಿಸೆಂಬರ್‌ನಲ್ಲಿ ದುಡ್ಡು ಕಟ್ಟಿಸಿಕೊಂಡು ಚೀಟಿ ಕೊಡಲಿ. ಜೂನ್‌ನಲ್ಲಿ ಚೀಟಿ ತೋರಿಸಿದರೆ ಮೂಟೆ ಸಿಗಲಿ. ಗೊಬ್ಬರವನ್ನೇ ಮೊದಲು ಹೊರಿಸಿ ಕಳಿಸುವುದು ಬೇಡ, ತಿಂಗಳುಗಟ್ಟಲೆ ಮನೆಯಲ್ಲಿಟ್ಟರೆ ಯೂರಿಯಾ ಥಂಡಿ ಎಳೆದು ಗಟ್ಟಿಯಾಗುತ್ತದೆ. ಸ್ಟಾಕ್ ಬಂದಾಗ ಚೀಟಿ ಇದ್ದವರಿಗೇ ಮೊದಲು ಕೊಡಬೇಕು. ಇದೊಂದು ತಪ್ಪಿದರೆ ಮಾರನೇ ವರ್ಷ ಯಾರೂ ಕಟ್ಟುವುದಿಲ್ಲ.

ಮತ್ತೆ, ಬೇಡ ಅನ್ನುವವರನ್ನು ಸುಮ್ನೆ ಬಿಡಬೇಕು. ಕೇಳದೇ ಖಾತೆಯಿಂದ ಜೀವವಿಮೆಗೆ 436 ರೂಪಾಯಿ ಮುರಿದುಕೊಂಡರು ಅಂತ ಬ್ಯಾಂಕಿನಲ್ಲಿ ಜಗಳಕ್ಕೆ ನಿಂತವರನ್ನು ನೋಡಿದ್ದೇನೆ. 2 ಲಕ್ಷದ ಆ ವಿಮೆ ಒಳ್ಳೆಯದೇ, ಆದರೆ ಹಾಗೆ ಮಾಡಿದ್ದರಿಂದ ಅವರಿಗೆ ವಿಮೆಯ ಹೆಸರು ಹೇಳಿದರೇ ಸಿಟ್ಟು ಬರುತ್ತದೆ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಅವರಿಗೆ 2017ರಲ್ಲಿ ನೊಬೆಲ್ ಬಂದದ್ದು ದುಡ್ಡಿನ ವಿಷಯದಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವ ಇಂಥ ವಿಚಾರಕ್ಕೇ, ಅವರೂ ಹೇಳುವುದು ಒತ್ತಾಯ ಬೇಡ, ಒಳ್ಳೆಯದನ್ನು ಸುಲಭ ಮಾಡಿಕೊಡಿ ಅಂತ.

ಸಹಕಾರ ಇಲಾಖೆಯವರು, ಕೃಷಿ ಇಲಾಖೆಯವರು ಕೂತು ಮಾತಾಡಿ, ಈ ಡಿಸೆಂಬರ್‌ನಿಂದಲೇ ಹಳೇಬೀಡು ಹೋಬಳಿಯ ಒಂದೆರಡು ಸೊಸೈಟಿಗಳಲ್ಲಾದರೂ ಶುರು ಮಾಡಬೇಕು.

ಇಂತಿ,
ಒಬ್ಬ ಜೋಳ ಬೆಳೆಗಾರ, ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ