ಹಾವು ಕಚ್ಚಿದ ಕಾಲನ್ನು ಅಲುಗಾಡಿಸದೆ ತಂದವರಿಗೆ

ರೋಬಸ್ಟಾ ಕಾಫಿಯ ಕುಯ್ಲೂ ಮುಗಿಯಿತು. ಕಣದಲ್ಲಿ ಕೊನೆಯ ಹಣ್ಣು ಒಣಗುತ್ತಿದೆ, ಕೆಲಸಗಾರರ ಸಾಲುಮನೆಗಳು, ಅಂದರೆ ಲೈನ್‌ಗಳು, ಅರ್ಧ ಖಾಲಿಯಾಗಿವೆ. ಮೂಡಿಗೆರೆ, ಬಾಳೂರು, ಕಳಸ ಕಡೆಯ ತೋಟಗಳಲ್ಲಿ ಹಾವು ಕಚ್ಚಿದವರನ್ನು ಈ ಹಂಗಾಮಿನಲ್ಲಿ ಆಸ್ಪತ್ರೆಗೆ ಹೊತ್ತು ತಂದವರಿಗೆ, ತರಲೇಬೇಕೆಂದು ಹಟ ಹಿಡಿದವರಿಗೆ ತುರ್ತು ವಿಭಾಗದ ನಮ್ಮೆಲ್ಲರ ಕೈಮುಗಿದ ನಮಸ್ಕಾರ. ಹೆಸರು ಹೇಳಹೊರಟರೆ ಯಾರದೋ ಬಿಟ್ಟುಹೋಗುತ್ತದೆ. ಮಾಡಿದ ಕೆಲಸವನ್ನೇ ಹೇಳುತ್ತೇವೆ, ಮಾಡಿದವರಿಗೆ ಗೊತ್ತಾಗುತ್ತದೆ.

ಮೊದಲು ತೋಟದ ಲೆಕ್ಕ ಬರೆಯುವ ರೈಟರ್‌ಗಳಿಗೆ, ಮೇಸ್ತ್ರಿಗಳಿಗೆ. ಲೈನ್‌ಗಳಿಗೆ ಬಂದು ನಾವು ಹೇಳಿಕೊಟ್ಟದ್ದು ಬಹಳವೇನಲ್ಲ. ಹಗ್ಗ ಬಿಗಿಯಬೇಡಿ, ಬ್ಲೇಡು ಹಾಕಬೇಡಿ, ಬಾಯಿಟ್ಟು ಹೀರಬೇಡಿ, ಕಚ್ಚಿಸಿಕೊಂಡವರನ್ನು ನಡೆಸಬೇಡಿ. ಕಾಲಿನ ಎರಡೂ ಬದಿಗೆ ಕೋಲಿಟ್ಟು, ಮೂಳೆ ಮುರಿದವರಿಗೆ ಕಟ್ಟುವ ಹಾಗೆ ಪಂಚೆಯನ್ನೋ ಸೀರೆಯ ತುಂಡನ್ನೋ ಸುತ್ತಿ. ಒಂದು ಬೆರಳು ಒಳಗೆ ಸಲೀಸಾಗಿ ತೂರುವಷ್ಟು ಸಡಿಲವಿರಲಿ. ಸ್ನಾಯು ಆಡಿದಷ್ಟೂ ವಿಷ ಬೇಗ ಮೈಗೇರುತ್ತದೆ, ಅದಕ್ಕೇ ಇಷ್ಟೆಲ್ಲ. ಕುಯ್ಲಿನ ಬುಟ್ಟಿಗೆ ಕಟ್ಟಿದ್ದ ಹಗ್ಗ ಕೈಯಲ್ಲೇ ಇದ್ದಾಗಲೂ ಅದನ್ನು ಬಿಗಿಯದೆ ಕಾಫಿ ಗಿಡದ ಕೋಲು ಹುಡುಕಿದಿರಲ್ಲ, ಆ ಎರಡು ನಿಮಿಷದ ತಾಳ್ಮೆಗೆ ನಾವು ಋಣಿ.

ಬಿಗಿದ ಹಗ್ಗ ಏನು ಮಾಡುತ್ತದೆಂದು ಇನ್ನೊಮ್ಮೆ ಹೇಳಬೇಕು. ಕೆಳಗಿನ ಭಾಗಕ್ಕೆ ರಕ್ತ ಹೋಗದೆ ಕಾಲೇ ಕೊಳೆಯಬಹುದು. ತಟ್ಟನೆ ಬಿಚ್ಚಿದರೆ ತಡೆದು ನಿಂತ ವಿಷ ಒಮ್ಮೆಗೇ ಮೇಲೇರಿ, ನಾಗರಹಾವೋ ಕಟ್ಟುಹಾವೋ ಆಗಿದ್ದರೆ ಉಸಿರೇ ನಿಲ್ಲಬಹುದು. ಗಾಬರಿಯಲ್ಲಿ ಯಾರೋ ಬಿಗಿದೇ ಕಳಿಸಿದ್ದಾಗ ದಾರಿಯಲ್ಲಿ ಬಿಚ್ಚದೆ ಹಾಗೇ ತಂದವರೂ ಸರಿಯಾದ್ದನ್ನೇ ಮಾಡಿದ್ದೀರಿ. ಡ್ರಿಪ್ ಹಾಕಿ, ಮದ್ದು ಪಕ್ಕದಲ್ಲಿಟ್ಟುಕೊಂಡು, ಅದನ್ನು ಆಸ್ಪತ್ರೆಯಲ್ಲೇ ನಿಧಾನವಾಗಿ ಸಡಿಲಿಸಬೇಕು.

ಜೊತೆಯಲ್ಲಿ ಹಣ್ಣು ಕುಯ್ಯುತ್ತಿದ್ದ ಹೆಂಗಸರಿಗೆ ವಿಶೇಷವಾದ ಕೃತಜ್ಞತೆ. ಬಳೆ, ಉಂಗುರ, ಗೆಜ್ಜೆ, ಕಾಲುಂಗುರ ಇವನ್ನೆಲ್ಲ ಊತ ಏರುವ ಮೊದಲೇ ಬಿಚ್ಚಿದವರು ನೀವು. ಮುತ್ತೈದೆಯ ಕಾಲುಂಗುರಕ್ಕೆ ಕೈ ಹಾಕುವುದು ಸುಲಭವಲ್ಲ ಎಂಬುದು ನಮಗೂ ಗೊತ್ತು. ಆದರೆ ಊದಿದ ಬೆರಳಿನಲ್ಲಿ ಬೆಳ್ಳಿ ಮಾಂಸದೊಳಗೆ ಹೂತು, ಬೆರಳು ನೀಲಿಗಟ್ಟಿದ ಮೇಲೆ ಕಟ್ಟರ್ ಹಾಕಿ ಕತ್ತರಿಸಬೇಕಾಗುತ್ತದೆ. ಬಿಚ್ಚಿದ್ದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಂದು ಮನೆಯವರ ಕೈಗೆ ಒಪ್ಪಿಸಿದಿರಿ.

ಜೀಪಿನವರ ಋಣ ದೊಡ್ಡದು. ಕಳಸದ ಕಡೆಯಿಂದ ಕೊಟ್ಟಿಗೆಹಾರ ದಾಟಿ ಮೂಡಿಗೆರೆ ಮುಟ್ಟುವಷ್ಟರಲ್ಲಿ ತಿರುವು ಎಷ್ಟೆಂದು ನಿಮಗೇ ಗೊತ್ತು. ಹಿಂದಿನ ಸೀಟಿಗೆ ಹಲಗೆ ಹಾಕಿ ಮಲಗಿಸಿದಿರಿ, ವಾಂತಿ ಬಂದಾಗ ಎಡಮಗ್ಗುಲಿಗೆ ಹೊರಳಿಸಿದಿರಿ. ಎಲ್ಲಕ್ಕಿಂತ ಹೆಚ್ಚಾಗಿ, ನೆಟ್‌ವರ್ಕ್ ಸಿಗುವ ದಿಬ್ಬದಲ್ಲಿ ನಿಲ್ಲಿಸಿ ಫೋನು ಮಾಡಿದಿರಿ. ಕಚ್ಚಿ ಎಷ್ಟು ಹೊತ್ತಾಯಿತು, ರೆಪ್ಪೆ ಬೀಳುತ್ತಿದೆಯೋ ಅಥವಾ ಒಸಡಿನಲ್ಲಿ ರಕ್ತ ಜಿನುಗುತ್ತಿದೆಯೋ, ತಲುಪುವುದು ಎಷ್ಟು ಹೊತ್ತಿಗೆ: ಈ ಮೂರು ಮಾತು ಸಾಕು. ಹಾವಿನ ವಿಷ ಇಳಿಸುವ ಮದ್ದು ಎಎಸ್‌ವಿ ಪುಡಿಯ ರೂಪದಲ್ಲಿ ಬರುತ್ತದೆ. ಒಂದೊಂದು ಸೀಸೆಗೂ 10 ಮಿ.ಲೀ. ಶುದ್ಧ ನೀರು ಹಾಕಿ, ನೊರೆ ಏಳದಂತೆ ಕೈಯಲ್ಲಿ ಮೆಲ್ಲಗೆ ತಿರುಗಿಸಿ ಕರಗಿಸಬೇಕು. ಕುಲುಕಿದರೆ ಕೆಲಸ ಕೆಡುತ್ತದೆ. ಮೊದಲ ಸುತ್ತಿಗೇ ಸಾಮಾನ್ಯವಾಗಿ 10 ಸೀಸೆ ಬೇಕು, ಅದನ್ನು ಸಲೈನಿಗೆ ಸೇರಿಸಿ ಸುಮಾರು ಒಂದು ಗಂಟೆಯಲ್ಲಿ ಇಳಿಸಬೇಕು. ಮದ್ದೇ ಮೈಗೆ ಒಗ್ಗದೆ ದದ್ದು ಎದ್ದು ಉಸಿರು ಕಟ್ಟುವುದೂ ಉಂಟು, ಅದಕ್ಕೆ ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿ ಸಿದ್ಧವಿರಬೇಕು. ನಿಮ್ಮ ಫೋನು ಬಂದ ದಿನ ಇದಕ್ಕೆಲ್ಲ ಸಮಯ ಸಿಗುತ್ತದೆ.

ಇನ್ನು ಬಾಗಿಲಲ್ಲಿ ಕಾದು ಕುಳಿತ ಬಂಧುಗಳಿಗೆ. ಬಂದ ಕೂಡಲೇ ಇಂಜೆಕ್ಷನ್ ಹಾಕದೆ, 2 ಮಿ.ಲೀ. ರಕ್ತ ತೆಗೆದು ಗಾಜಿನ ನಳಿಗೆಯಲ್ಲಿಟ್ಟು ಗಡಿಯಾರ ನೋಡುತ್ತಿದ್ದರೆ ಹೊಟ್ಟೆ ಉರಿಯುವುದು ಸಹಜ. ಆ ನಳಿಗೆಯನ್ನು 20 ನಿಮಿಷ ಮುಟ್ಟಬಾರದು. ಆಮೇಲೆ ಒಮ್ಮೆ ಓರೆ ಮಾಡಿದರೆ, ರಕ್ತ ಗಡ್ಡೆಕಟ್ಟಿ ತಳದಲ್ಲೇ ನಿಂತರೆ ಒಂದು ಅರ್ಥ, ನೀರಿನಂತೆ ಹರಿದರೆ ಇನ್ನೊಂದು. ಹರಿಯಿತೆಂದರೆ ಕೊಳಕುಮಂಡಲದಂಥ ಹಾವಿನ ವಿಷ ಹೆಪ್ಪುಗಟ್ಟುವ ಶಕ್ತಿಯನ್ನೇ ತಿಂದುಹಾಕಿದೆ ಎಂದು ಲೆಕ್ಕ. ನಳಿಗೆ ಗಾಜಿನದೇ ಆಗಬೇಕು, ಒಣಗಿರಬೇಕು, ಸೋಪಿನ ಪುಡಿ ಹಾಕಿ ತೊಳೆದದ್ದಾಗಿರಬಾರದು. ಪ್ಲಾಸ್ಟಿಕ್‌ನಲ್ಲಿ ಚೆನ್ನಾಗಿರುವ ರಕ್ತವೂ ಹೆಪ್ಪುಗಟ್ಟದೆ ಉಳಿದು ದಾರಿ ತಪ್ಪಿಸುತ್ತದೆ. ವಿಷದ ಲಕ್ಷಣ ಕಣ್ಣಿಗೆ ಕಾಣುತ್ತಿದ್ದರೆ ಈ ಪರೀಕ್ಷೆಗೆ ಯಾರೂ ಕಾಯುವುದಿಲ್ಲ. ಕಾಣದಿದ್ದಾಗ ಮಾತ್ರ ಅದೇ ನಮಗೆ ಕಣ್ಣು. ಆ 20 ನಿಮಿಷ ನಮ್ಮನ್ನು ನಂಬಿದ್ದಕ್ಕೆ, ಏನೂ ಆಗದವರನ್ನೂ 24 ಗಂಟೆ ಹಾಸಿಗೆಯಲ್ಲಿ ಉಳಿಸಿಕೊಂಡಾಗ ಜಗಳ ತೆಗೆಯದಿದ್ದಕ್ಕೆ, ಬಂದ ಮೂತ್ರವನ್ನೆಲ್ಲ ಅಳೆಯಲು ಎತ್ತಿಟ್ಟು ಕೊಟ್ಟದ್ದಕ್ಕೆ ಧನ್ಯವಾದ. ಮೂತ್ರ ಕಡಿಮೆಯಾಯಿತೆಂದರೆ ಕಿಡ್ನಿ ಸೋಲುತ್ತಿದೆ ಎಂದು ಮೊದಲು ತಿಳಿಯುವುದು ಆ ಅಳತೆಯಿಂದಲೇ. ಪುಟ್ಟ ಮಗುವಿಗೂ ದೊಡ್ಡವರಷ್ಟೇ ಎಎಸ್‌ವಿ ಯಾಕೆ ಎಂದು ಕೇಳಿದ ತಾಯಂದಿರಿಗೆ ಉತ್ತರ ಇದು: ಮಗು ಚಿಕ್ಕದೆಂದು ಹಾವು ವಿಷವನ್ನು ಕಡಿಮೆ ಬಿಡುವುದಿಲ್ಲ.

ಗುಳಿಮಂಡಲ ಕಚ್ಚಿದವರ ಮನೆಯವರ ತಾಳ್ಮೆ ಇನ್ನೂ ದೊಡ್ಡದು. ಕಾಫಿ ಗಿಡದಲ್ಲಿ, ತರಗೆಲೆಯಡಿಯಲ್ಲಿ ಇರುವ ಈ ಹಾವುಗಳ ವಿಷಕ್ಕೆ ಈಗಿರುವ ಎಎಸ್‌ವಿ ನಾಟುವುದಿಲ್ಲ. ಅದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆಂದು ಮಾಡಿದ ಮದ್ದು. ನೋವು, ಊತ, ಕಿಡ್ನಿ ನೋಡಿಕೊಳ್ಳುವುದೇ ಅಲ್ಲಿ ಚಿಕಿತ್ಸೆ. ದೂರದಿಂದ ತೆಗೆದ ಒಂದು ಮಸುಕು ಫೋಟೋ ಇಂಥಲ್ಲಿ ಬಹಳ ಉಪಕಾರಿ. ಹಾವನ್ನು ಕೊಂದು ಚೀಲದಲ್ಲಿ ತರಬೇಡಿ, ಕಡಿದ ತಲೆಯೂ ಕಚ್ಚುತ್ತದೆ.

ನಾಟಿ ವೈದ್ಯರಲ್ಲಿ ಕೆಲವರು ಈ ವರ್ಷ ಬೇರು ಅರೆಯುವ ಬದಲು ‘ಮೊದಲು ಆಸ್ಪತ್ರೆಗೆ ನಡೀರಿ’ ಎಂದು ಕಳಿಸಿದಿರಿ. ಜನ ನಿಮ್ಮ ಮಾತು ಕೇಳುತ್ತಾರೆ, ಆದ್ದರಿಂದ ಆ ಒಂದು ಮಾತಿನ ಬೆಲೆ ನಮಗೆ ಗೊತ್ತು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗುತ್ತಿಲ್ಲ ಎಂದವರನ್ನು ಗ್ಯಾಸ್ಟ್ರಿಕ್ ಎಂದು ಬಿಡದೆ ಕರೆತಂದ ಆಶಾ ಕಾರ್ಯಕರ್ತೆಯರಿಗೂ ಶರಣು. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ. ಎಷ್ಟೋ ಸಲ ಗಾಯವೂ ಕಾಣುವುದಿಲ್ಲ, ನೋವೂ ಇರುವುದಿಲ್ಲ. ಅಸ್ಸಾಮಿನಿಂದ ಬಂದ ಕೆಲಸಗಾರರಿಗೆ ಹಿಂದಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದ ಅಂಗಡಿಯವರಿಗೆ, 2024ರ ಫೆಬ್ರುವರಿಯಲ್ಲಿ ಸರ್ಕಾರ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ ಮೇಲೆ ಪ್ರತಿ ಪ್ರಕರಣವನ್ನೂ ಬರೆದು ಕಳಿಸುತ್ತಿರುವ ಖಾಸಗಿ ಕ್ಲಿನಿಕ್ಕಿನವರಿಗೆ ಕೂಡ.

ಮುಂದೆ ಮರಗಸಿ (ನೆರಳಿನ ಮರಗಳ ಕೊಂಬೆ ಸವರುವ ಕೆಲಸ), ಆಮೇಲೆ ಮಳೆ. ಗಂಬೂಟು, ಟಾರ್ಚು ಕೊಡಿಸಿದ ತೋಟದವರು ಬ್ಯಾಟರಿಯನ್ನು ಈಗಲೇ ಬದಲಾಯಿಸಿ. ಮಲಗುವ ಮನೆಗೆ ತಾಗಿ ಸೌದೆ ಒಟ್ಟಿದ್ದರೆ ಆಚೆ ಸರಿಸಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ರಾತ್ರಿ ಯಾವ ಜೀಪು ಸಿಗುತ್ತದೆಂದು ಲೈನ್ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಕೆಲವು ನಂಬರು ಬದಲಾಗಿವೆ. ಜೂನ್‌ಗೆ ಮೊದಲು ಒಮ್ಮೆ ಕರೆ ಮಾಡಿ ನೋಡಿ, ಹೊಸ ಚೀಟಿ ಬರೆದು ಅಂಟಿಸಿ.