ಸಿಗ್ನಲ್ ಹಾಕುವ ಮೊದಲು ವಾಹನ ಎಣಿಸಿ

ಮಾನ್ಯ ಸಂಪಾದಕರೇ,

ರಾಷ್ಟ್ರೀಯ ಹೆದ್ದಾರಿ 66ರ ಷಟ್ಪಥ ಕಾಮಗಾರಿಯಿಂದಾಗಿ ಕಾಸರಗೋಡು ಜಿಲ್ಲೆಯಲ್ಲಿ ಪೇಟೆಯ ಓಡಾಟವೆಲ್ಲ ಸರ್ವಿಸ್ ರಸ್ತೆಗೂ ಅಂಡರ್‌ಪಾಸ್‌ಗಳ ಬಾಯಿಗೂ ಬಂದು ಬಿದ್ದಿದೆ. ಇಂಥ ಕಡೆ ‘ಸಿಗ್ನಲ್ ಹಾಕಿ’ ಎಂದು ಕೇಳುವುದು ಸಹಜ. ಆದರೆ ದೀಪಗಳನ್ನು ನಡೆಸುವ ಕಂಟ್ರೋಲರ್ ಪೆಟ್ಟಿಗೆಗೆ ಅಂದಾಜಿನ ಸೆಕೆಂಡುಗಳನ್ನು ತುಂಬಿದರೆ ಇದ್ದ ಸಾಲು ಇನ್ನಷ್ಟು ಉದ್ದವಾಗುತ್ತದೆ.

ನಾಲ್ಕು ದಿಕ್ಕಿಗೂ ಬೇರೆ ಬೇರೆ ಹಸಿರು ಕೊಟ್ಟರೆ ಒಂದೊಂದು ಸರದಿ ಬದಲಾಗುವಾಗಲೂ ಸುಮಾರು 4 ಸೆಕೆಂಡು ಯಾರಿಗೂ ದಕ್ಕುವುದಿಲ್ಲ. ನಾಲ್ಕೂ ದಿಕ್ಕಿಗೆ ಹಸಿರು ಬಂದು ಮುಗಿಯುವ ಒಂದು ಸುತ್ತಿಗೆ 16 ಸೆಕೆಂಡು ನಷ್ಟ. ಸುತ್ತು ಎಷ್ಟು ಉದ್ದವಿರಬೇಕೆಂದು ಬ್ರಿಟಿಷ್ ಸಂಚಾರ ತಜ್ಞ ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರ ಸರಳ: ನಷ್ಟದ ಒಂದೂವರೆ ಪಟ್ಟಿಗೆ 5 ಕೂಡಿಸಿ, ಜಂಕ್ಷನ್ನಿನ ಸಾಮರ್ಥ್ಯದಲ್ಲಿ ಉಳಿದಿರುವ ಪಾಲಿನಿಂದ ಭಾಗಿಸಬೇಕು. ಶೇ. 60 ಬಳಕೆಯಲ್ಲಿದ್ದರೆ 29ನ್ನು 0.4ರಿಂದ ಭಾಗಿಸಿ, ಸುತ್ತು 72 ಸೆಕೆಂಡು ಚಿಲ್ಲರೆ. ಶೇ. 80 ಆದರೆ 145. ಅಷ್ಟು ಹೊತ್ತು ನಮ್ಮ ದ್ವಿಚಕ್ರದವರು ಕೆಂಪಿಗೆ ಮರ್ಯಾದೆ ಕೊಟ್ಟು ನಿಲ್ಲುತ್ತಾರೆಯೇ? ಅಂಥಲ್ಲಿ ಎದುರುಬದುರಿನ ಎರಡು ದಿಕ್ಕಿಗೆ ಒಟ್ಟಿಗೆ ಹಸಿರು ಕೊಡಲಾದೀತೇ ಎಂದು ಮೊದಲು ನೋಡಬೇಕು. ನೇರ, ಎಡ, ಬಲ ಎಂದು ಬೇರೆ ಬೇರೆಯಾಗಿ, ಹದಿನೈದು ನಿಮಿಷಕ್ಕೊಮ್ಮೆ ಬರೆದಿಟ್ಟ ಎಣಿಕೆ ಇಲ್ಲದೆ ಇದು ತಿಳಿಯುವುದಿಲ್ಲ. ಶಾಲೆ ಬಿಡುವ ಹೊತ್ತಿಗೂ ನಡುಮಧ್ಯಾಹ್ನಕ್ಕೂ ಒಂದೇ ಸುತ್ತು ಇಟ್ಟರಂತೂ ಎರಡೂ ಕೆಟ್ಟವು.

ಇನ್ನು ಬಸ್ಸು. ಅಸಲು ತೊಂದರೆ ಇಲ್ಲಿದೆ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ರಸ್ತೆಯ ಒಂದು ಮೀಟರ್ ಅಗಲಕ್ಕೆ, ಹಸಿರಿನ ಒಂದು ಗಂಟೆಗೆ 525 ಕಾರು (ಬಸ್ಸು, ಬೈಕುಗಳನ್ನು ಕಾರಿಗೆ ಸಮ ಮಾಡಿ) ದಾಟಬಹುದು. 7 ಮೀಟರ್ ದಾರಿಗೆ 3,675. 25 ಸೆಕೆಂಡಿನ ಹಸಿರಿನಲ್ಲಿ 25 ಕಾರು ದಾಟಬೇಕು. ನಿಲುಗಡೆ ಗೆರೆಯ ಹಿಂದೆಯೇ ಒಂದು ಬಸ್ಸು ನಿಂತು ಜನ ಹತ್ತಿಸಿಕೊಂಡರೆ ಉಳಿಯುವುದು ಒಂದೇ ಸಾಲು, ದಾಟುವುದು ಹದಿಮೂರು. ಉಳಿದವರು ಇನ್ನೊಂದು ಸುತ್ತು ಕಾಯುತ್ತ ಸಿಗ್ನಲ್ಲಿಗೆ ಬೈಯುತ್ತಾರೆ. ಬಸ್ ಸ್ಟಾಪನ್ನೂ ಆಟೋ ಸ್ಟ್ಯಾಂಡನ್ನೂ ಜಂಕ್ಷನ್ನಿನಿಂದ 75 ಮೀಟರಾದರೂ ದೂರ ಸರಿಸದೆ ಸಿಗ್ನಲಿಗೆ ದುಡ್ಡು ಸುರಿಯುವುದು ದಂಡ.

ಕಾಲ್ನಡಿಗೆಯವರಿಗೆ 14 ಮೀಟರ್ ರಸ್ತೆ ದಾಟಲು, ಸೆಕೆಂಡಿಗೆ 1.2 ಮೀಟರ್ ನಡಿಗೆಯಂತೆ, 12 ಸೆಕೆಂಡು ಬೇಕು. ಹೆಜ್ಜೆ ಇಡಲು ಮೊದಲ 7 ಸೆಕೆಂಡು ಬೇರೆ. ಆಟಿ ತಿಂಗಳ ಮಳೆಯಲ್ಲಿ ಕೊಡೆ ಹಿಡಿದ ಅಜ್ಜಿಗೆ ಅದೂ ಸಾಲದು.

ದೀಪ ಇಡುವ ದಿಕ್ಕೂ ನೋಡಬೇಕು. ಕಡಲ ಕಡೆಯಿಂದ ಪೂರ್ವಕ್ಕೆ ಬರುವವರ ಎದುರಿನ ದೀಪ ಪಶ್ಚಿಮಕ್ಕೆ ಮುಖ ಮಾಡಿರುತ್ತದೆ. ಸಂಜೆಯ ಇಳಿಬಿಸಿಲು ಗಾಜಿಗೆ ನೇರ ಹೊಡೆದಾಗ ಹೊತ್ತಿರುವುದು ಕೆಂಪೋ ಹಸಿರೋ ತಿಳಿಯುವುದಿಲ್ಲ. ಆ ದೀಪಗಳಿಗೆ ಉದ್ದನೆಯ ಮರೆಯೂ ಹಿಂದೆ ಕಪ್ಪು ಹಲಗೆಯೂ ಇರಲಿ.

ಕೊನೆಗೊಂದು. ದೀಪಕ್ಕೆ ಭಾಷೆ ಬೇಡ, ಫಲಕಕ್ಕೆ ಬೇಕು. ಕೆಂಪು ಇರುವಾಗಲೂ ಎಡಕ್ಕೆ ಹೋಗಬಹುದಾದರೆ ಹಾಗೆಂದು ಬೋರ್ಡು ಇರಬೇಕು. ಇಲ್ಲದಿದ್ದರೆ ಎಡಕ್ಕೆ ಹೋಗುವವನೂ ನಿಲ್ಲಬೇಕು. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಆ ಬೋರ್ಡನ್ನು ಮಲಯಾಳ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಬರೆಸಿ.

– ನಿವೃತ್ತ ರಸ್ತೆ ಎಂಜಿನಿಯರ್, ಕಾಸರಗೋಡು