ಮೊದಲು ಲಾಯ ನೋಡಿ, ಆಮೇಲೆ ದುಡ್ಡು ಕೊಡಿ

ನಮಸ್ಕಾರ. ಮೈಸೂರಿನ ಹೊರವಲಯದಲ್ಲಿ, ಬೀದಿಗೆ ಬಿಟ್ಟ ಕುದುರೆಗಳನ್ನು ಸಾಕುವ ನಮ್ಮ ಟ್ರಸ್ಟಿಗೆ ದೇಣಿಗೆ ಬೇಕು. ಅದಕ್ಕೇ ಬರೆಯುತ್ತಿದ್ದೇವೆ. ಆದರೆ ಓದಿದ ಕೂಡಲೇ ದುಡ್ಡು ಕಳಿಸಬೇಡಿ. ಮೊದಲು ಬಂದು ನೋಡಿ.

ಹೀಗೆ ಹೇಳಲು ಕಾರಣ ಇದೆ. ಗಾಯವಾದ ಕುದುರೆಯ ಫೋಟೊ, ಕೆಳಗೊಂದು ಕ್ಯೂಆರ್ ಕೋಡ್, ‘ಇವತ್ತೇ ಆಪರೇಷನ್, ಕೈಲಾದಷ್ಟು ಹಾಕಿ’ ಅಂತ ಒಂದು ಸಾಲು. ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತದೆ. ಕೆಲವು ತಿಂಗಳಾದ ಮೇಲೆ ಅದೇ ಕುದುರೆ, ಅದೇ ಗಾಯ, ಬೇರೆ ಊರಿನ ಹೆಸರಿನಲ್ಲಿ ಮತ್ತೆ ಬರುತ್ತದೆ. ಮನಸ್ಸು ಕರಗಿ ಕಳಿಸಿದವರಿಗೆ ಆ ಕುದುರೆ ಏನಾಯಿತು ಅಂತ ಕೊನೆಗೂ ಗೊತ್ತಾಗುವುದಿಲ್ಲ, ಫೋನ್ ಮಾಡಿದರೆ ಎತ್ತುವವರಿಲ್ಲ, ಆಮೇಲೆ ಅವರು ಯಾರು ಕೇಳಿದರೂ ಕೊಡುವುದಿಲ್ಲ. ಅವರದ್ದೇನೂ ತಪ್ಪಿಲ್ಲ. ಆದರೆ ಪೆಟ್ಟು ಬೀಳುವುದು ಕುದುರೆಗಳಿಗೆ.

ನಮ್ಮಲ್ಲಿಗೆ ಬರುವವು ಜಾಸ್ತಿ ಟಾಂಗಾ ಎಳೆದವು, ಮದುವೆ ಮೆರವಣಿಗೆಗೆ ನಿಂತವು. ಕುದುರೆ 25–30 ವರ್ಷ ಬದುಕುತ್ತದೆ. ದುಡಿಯುವ ಕಾಲ ಅದಕ್ಕೆ ಎಷ್ಟೋ ಮುಂಚೆಯೇ ಮುಗಿದಿರುತ್ತದೆ. ಮುದಿ ಹಸುವಿಗಾದರೆ ಗೋಶಾಲೆ ಅಂತ ಒಂದಿದೆ, ಕುದುರೆಗೆ ಏನಿದೆ ಹೇಳಿ? ಟಾಂಗಾದವರನ್ನು ಸುಮ್ನೆ ಬೈಯುವುದೂ ಸರಿಯಲ್ಲ. ಬಾಡಿಗೆ ಇಲ್ಲದೆ ಮನೆಗೆ ಅಕ್ಕಿ ತರಲೇ ಒದ್ದಾಡುವವರು, ದುಡಿಯದ ಕುದುರೆಗೆ ದಿನಾ ಐದಾರು ಕೆಜಿ ಒಣಹುಲ್ಲು ಎಲ್ಲಿಂದ ತರಬೇಕು? ಹಗ್ಗ ಬಿಚ್ಚಿ ಬಿಟ್ಟುಬಿಡುತ್ತಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಇದು ಅಪರಾಧ. ಮೊದಲ ಸಲಕ್ಕೆ ದಂಡ ಹೆಚ್ಚೆಂದರೆ 50 ರೂಪಾಯಿ.

ಬಿಟ್ಟ ಕುದುರೆ ತಿಪ್ಪೆಗೆ ಹೋಗುತ್ತದೆ, ಪ್ಲಾಸ್ಟಿಕ್ ಕವರಿನ ಸಮೇತ ಅನ್ನ ತಿನ್ನುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಒಳಗೆ ಹೋದದ್ದು ಒಳಗೇ. ಹೊಟ್ಟೆನೋವು ಶುರುವಾದರೆ ಮೈಯೆಲ್ಲ ಬೆವರು, ತಿರುಗಿ ತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತದೆ, ಕೊನೆಗೆ ನೆಲಕ್ಕೆ ಬಿದ್ದು ಹೊರಳುತ್ತದೆ.

ಈಗ ನಮ್ಮಲ್ಲಿ ಒಂದು ಬಿಳಿ ಹೆಣ್ಣು ಕುದುರೆ ಇದೆ. ಗೊರಸನ್ನು 6–8 ವಾರಕ್ಕೊಮ್ಮೆ ಕತ್ತರಿಸಬೇಕು. ಇದಕ್ಕೆ ಯಾರೂ ಕತ್ತರಿಸಿರಲಿಲ್ಲ, ಮುಂಗಾಲಿನ ಗೊರಸು ಉದ್ದಕ್ಕೆ ಬೆಳೆದು ತುದಿ ಮೇಲಕ್ಕೆ ಮಡಚಿಕೊಂಡಿತ್ತು, ಗೊರಸಿನ ಹಿಂಭಾಗದ ಮೇಲೇ ಭಾರ ಬಿಟ್ಟು ಹೆಜ್ಜೆ ಇಡುತ್ತಿತ್ತು. ಲಾಳ ಕಟ್ಟುವವರು ಒಂದೇ ಸಲಕ್ಕೆ ಪೂರ್ತಿ ಕತ್ತರಿಸಲಿಲ್ಲ. ಹಾಗೆ ಮಾಡಿದರೆ ಕಾಲು ತಡೆಯುವುದಿಲ್ಲ ಅಂದರು. ಪ್ರತಿ ಸಲ ಸ್ವಲ್ಪ ಕತ್ತರಿಸಿ, ಅರ ಹಾಕಿ ಉಜ್ಜಿ, ನಡೆಸಿ ನೋಡುತ್ತಾರೆ. ವಿಡಿಯೊ ಮಾಡಿ ಹಾಕುವಂಥದ್ದು ಇದರಲ್ಲಿ ಏನೂ ಇಲ್ಲ, ಆದರೆ ದುಡ್ಡು ಹೋಗುವುದೇ ಇಂಥದ್ದಕ್ಕೆ. ಹಿಡಿದು ತಂದ ದಿನದ ಖರ್ಚು ದೊಡ್ಡದಲ್ಲ. ಆಮೇಲೆ ವರ್ಷಗಟ್ಟಲೆ ಮೇವು ಹಾಕಬೇಕಲ್ವಾ, ಅದು ದೊಡ್ಡದು.

ಅದಕ್ಕೇ ನಮ್ಮನ್ನಾಗಲಿ ಬೇರೆ ಯಾವ ಟ್ರಸ್ಟನ್ನಾಗಲಿ ಒಂದು ಪ್ರಶ್ನೆ ಕೇಳಿ: ಹೋದ ವರ್ಷ ತಂದ ಕುದುರೆ ಈಗ ಎಲ್ಲಿದೆ, ತೋರಿಸಿ. ಸತ್ತಿದ್ದರೆ ಯಾಕೆ ಸತ್ತಿತು ಅಂತಲೂ ಕೇಳಿ. ನಮ್ಮ ರಿಜಿಸ್ಟರಿನಲ್ಲಿ ಸತ್ತವುಗಳದ್ದೂ ಬರೆದಿದೆ. ಗ್ಲ್ಯಾಂಡರ್ಸ್ ಅಂತ ಮನುಷ್ಯರಿಗೂ ಅಂಟುವ ರೋಗ ಇದೆ. ಅದು ಪರೀಕ್ಷೆಯಲ್ಲಿ ಖಚಿತವಾದರೆ ಕುದುರೆಯನ್ನು ಉಳಿಸಿಕೊಳ್ಳಲು ಸರ್ಕಾರದ ನಿಯಮ ಬಿಡುವುದಿಲ್ಲ. ‘ನಮ್ಮಲ್ಲಿ ಒಂದೂ ಸತ್ತಿಲ್ಲ’ ಅನ್ನುವವರ ಲೆಕ್ಕವನ್ನು ಎರಡು ಸಲ ನೋಡಿ.

ಆಡಿಟ್ ಆದ ಲೆಕ್ಕ, ಹುಲ್ಲಿನ ಬಿಲ್ಲು, ಔಷಧಿ ಬಿಲ್ಲು ಎಲ್ಲ ಆಫೀಸಿನ ಮೇಜಿನ ಮೇಲೇ ಇರುತ್ತವೆ, ಕೂತು ಓದಿ, ಫೋಟೊ ತೆಗೆದುಕೊಳ್ಳಿ. ದುಡ್ಡನ್ನು ಟ್ರಸ್ಟ್ ಹೆಸರಿನ ಬ್ಯಾಂಕ್ ಖಾತೆಗೆ ಮಾತ್ರ ಹಾಕಿ, ಯಾರದ್ದೋ ಮೊಬೈಲ್ ನಂಬರಿಗೆ ಬೇಡ. ರಸೀದಿ ಕೇಳಿ ಪಡೆಯಿರಿ. ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ (80ಜಿ ಅಂತ ಕರೆಯುವುದು) ಬೇಕಿದ್ದರೆ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಡಬೇಡಿ, ಅದು ಲೆಕ್ಕಕ್ಕೆ ಬರುವುದಿಲ್ಲ. ವಿದೇಶದಲ್ಲಿರುವ ಕನ್ನಡಿಗರು ಭಾರತದ ಪಾಸ್‌ಪೋರ್ಟ್ ಇದ್ದರೆ ಧಾರಾಳವಾಗಿ ಕೊಡಬಹುದು. ಅಲ್ಲಿನ ಪೌರತ್ವ ಪಡೆದವರಿಂದ ತೆಗೆದುಕೊಳ್ಳಲು ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು, ನಮಗೆ ಅದಿಲ್ಲ. ಅಂಥವರ ಪ್ರೀತಿ ಸಾಕು, ದುಡ್ಡು ಬೇಡ.

ಮಳೆ ಶುರುವಾಗುವ ಮೊದಲು ಒಣಹುಲ್ಲು ಕೂಡಿಡಬೇಕು, ಈಗಿನ ತುರ್ತು ಅದು. ದುಡ್ಡು ಕೊಡಲು ಇನ್ನೂ ಮನಸ್ಸಿಲ್ಲವೇ? ಹುಲ್ಲು ತನ್ನಿ, ಹುರುಳಿ ತನ್ನಿ, ಬೂಸಾ ತನ್ನಿ, ಕಣ್ಣೆದುರೇ ತೂಕ ಹಾಕಿ ರಸೀದಿ ಕೊಡುತ್ತೇವೆ. ಬೂಷ್ಟು ಹಿಡಿದ ಹುಲ್ಲು ಮಾತ್ರ ಬೇಡ, ಮದುವೆಮನೆಯಲ್ಲಿ ಉಳಿದ ಅನ್ನ, ಸಿಹಿ ಬೇಡವೇ ಬೇಡ, ಹೊಟ್ಟೆ ಕೆಡುತ್ತದೆ. ಧನುರ್ವಾಯು ಚುಚ್ಚುಮದ್ದಿನ ಖರ್ಚು ಯಾರಾದರೂ ವಹಿಸಿಕೊಂಡರೆ ದೊಡ್ಡ ಉಪಕಾರ. ರಸ್ತೆಯ ಮೊಳೆ ಚುಚ್ಚಿಸಿಕೊಂಡು ಬರುವ ಕುದುರೆಗಳೇ ಜಾಸ್ತಿ. ಭಾನುವಾರ ಬೆಳಿಗ್ಗೆ ಮೇವು ಹಾಕುವ ಹೊತ್ತಿಗೆ ಬನ್ನಿ, ಮಕ್ಕಳನ್ನೂ ಕರೆತನ್ನಿ, ಹೇಳದೆ ಬಂದರೂ ಗೇಟು ತೆಗೆಯುತ್ತೇವೆ.